ಸಾವಳಗಿಯ ನ್ಯಾಯವಾದಿ: ಶ್ರೀ ಬಿ. ಡಿ. ಜತ್ತಿಯವರ ಜೀವನ

ಮುಧೋಳದ ಬಳೆಗಾರರ ಮನೆಯಲ್ಲಿ ಜನಿಸಿದ ಬಾಲಕನೊಬ್ಬನು ವಿದ್ಯೆಯ ಹಂಬಲದಿಂದ ಹುಟ್ಟಿದೂರನ್ನು ಬಿಟ್ಟು, ದೂರದ ಗಂಗರ ನಾಡಿಗೆ ಹೋಗಿ, ಅಜಿತಸೇನಾಚಾರ್ಯರ ಬಳಿ ಶಾಸ್ತ್ರಗಳನ್ನು ಕಲಿತು, ಮುಂದೆ ಕವಿಚಕ್ರವರ್ತಿ ರನ್ನನೆನಿಸಿದ ಕಥೆಯನ್ನು ನಮ್ಮ ಸಮಾಜದ ಮಕ್ಕಳೂ ಬಲ್ಲರು. ಹತ್ತನೆಯ ಶತಮಾನದ ಆ ಘಟನೆ ಈ ನೆಲಕ್ಕೆ ಒಂದು ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿತು. ವಿದ್ಯೆ ಊರಲ್ಲಿ ಸಿಗದಿದ್ದರೆ ವಿದ್ಯೆ ಇರುವ ಊರಿಗೆ ಹೋಗಬೇಕು ಎಂಬುದೇ ಆ ಮೇಲ್ಪಂಕ್ತಿ. ಸುಮಾರು ಸಾವಿರ ವರ್ಷಗಳ ತರುವಾಯ ಅದೇ ಸೀಮೆಯ ಇನ್ನೊಬ್ಬ ಬಾಲಕ, ಕಿರಾಣಿ ವ್ಯಾಪಾರಿಯ ಮಗ, ಅದೇ ರೀತಿ ಊರು ಬಿಟ್ಟು ಕೊಲ್ಲಾಪುರಕ್ಕೆ ಹೋದನು. ಅವನು ಕಲಿತದ್ದು ಕಾವ್ಯವನ್ನಲ್ಲ, ಕಾಯಿದೆಯನ್ನು. ಆ ಬಾಲಕನೇ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ, ಭಾರತದ ಉಪರಾಷ್ಟ್ರಪತಿಗಳೂ, ಐದು ತಿಂಗಳಿಗೂ ಹೆಚ್ಚು ಕಾಲ ಹಂಗಾಮಿ ರಾಷ್ಟ್ರಪತಿಗಳೂ ಆದ ದಿವಂಗತ ಬಸಪ್ಪ ದಾನಪ್ಪ ಜತ್ತಿಯವರು.

ಜತ್ತಿಯವರು ಜೈನರಲ್ಲ, ಬಸವಣ್ಣನವರ ತತ್ತ್ವದಲ್ಲಿ ನಿಷ್ಠೆಯಿಟ್ಟ ಲಿಂಗಾಯತರು. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಜನರಿಗೆ ಅವರು ಅನ್ಯರಲ್ಲ. ಒಂದೇ ಸಂತೆಯಲ್ಲಿ ವ್ಯವಹರಿಸಿ, ಒಂದೇ ನ್ಯಾಯಾಲಯದ ಮೆಟ್ಟಿಲು ಹತ್ತಿದ ನೆರೆಹೊರೆಯವರ ಮಧ್ಯದಿಂದ ಬಂದವರು ಅವರು. ನಮ್ಮ ತರುಣರಲ್ಲಿ ಅನೇಕರು ಪದವಿಯನ್ನು ಮುಗಿಸಿದೊಡನೆ ಕಾನೂನು ಮಹಾವಿದ್ಯಾಲಯಕ್ಕೆ ಅರ್ಜಿ ಹಾಕುವ ಈ ಕಾಲದಲ್ಲಿ, ಆ ವಿದ್ಯೆಯಿಂದ ಮನುಷ್ಯನಿಗೆ ದೊರೆಯುವುದೇನು ಎಂಬ ಪ್ರಶ್ನೆಗೆ ಈ ಜೀವನದಲ್ಲಿ ಒಂದು ಉತ್ತರವಿದೆ.

ಹುಟ್ಟು ಮತ್ತು ಬಾಲ್ಯ

ಜತ್ತಿಯವರು 1912ನೆಯ ಇಸವಿ ಸೆಪ್ಟೆಂಬರ್ 10ರಂದು ಜಮಖಂಡಿ ತಾಲ್ಲೂಕಿನ ಸಾವಳಗಿ ಗ್ರಾಮದಲ್ಲಿ ಜನಿಸಿದರು. ತಂದೆ ದಾನಪ್ಪನವರದು ಸಣ್ಣ ಪ್ರಮಾಣದ ಕಿರಾಣಿ ವ್ಯಾಪಾರ. ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ. ಆ ಕಾಲದ ರೂಢಿಯಂತೆ ಬಾಲ್ಯದಲ್ಲಿಯೇ ಸಂಗಮ್ಮನವರೊಂದಿಗೆ ಅವರ ವಿವಾಹವೂ ನೆರವೇರಿತು. ಅಂಗಡಿಯ ತಕ್ಕಡಿ ಹಿಡಿದು ಸಂಸಾರ ಸಾಗಿಸುವುದೇ ಅಂಥ ಮನೆಯ ಹುಡುಗನಿಗೆ ಸಹಜವಾಗಿ ತೆರೆದಿದ್ದ ದಾರಿ. ಅದನ್ನು ಬಿಟ್ಟು ಓದಿನ ದಾರಿಯನ್ನು ಹಿಡಿಯುವುದೆಂದರೆ, ಮನೆಗೆ ಬರಬೇಕಾದ ಸಂಪಾದನೆಯನ್ನು ವರ್ಷಾನುಗಟ್ಟಲೆ ಮುಂದಕ್ಕೆ ಹಾಕಿ, ಮೇಲೆ ಖರ್ಚನ್ನೂ ಹೊರುವುದಾಗಿತ್ತು. ಕಷ್ಟಗಳನ್ನು ಎದುರಿಸಿಯೇ ಅವರು ತಮ್ಮ ವಿದ್ಯಾಭ್ಯಾಸವನ್ನು ಪೂರೈಸಿದರು.

ಅಂದಿನ ಈ ಸೀಮೆಯ ರಾಜಕೀಯ ಚಿತ್ರವನ್ನು ಇಲ್ಲಿ ಸ್ವಲ್ಪ ನೆನೆಯುವುದು ಅವಶ್ಯ. ಇಂದು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿರುವ ನಮ್ಮ ಊರುಗಳು ಆಗ ಹಲವು ಒಡೆತನಗಳಲ್ಲಿ ಹಂಚಿಹೋಗಿದ್ದವು. ಜಮಖಂಡಿ ಪಟವರ್ಧನ ಮನೆತನದ ಸಂಸ್ಥಾನ. ಮುಧೋಳ ಘೋರ್ಪಡೆಯವರ ಸಂಸ್ಥಾನ. ಮಾಂಡಲಿಕ ಗೊಂಕನು ಹನ್ನೆರಡನೆಯ ಶತಮಾನದಲ್ಲಿ ನೇಮಿನಾಥ ಜಿನಾಲಯವನ್ನು ಕಟ್ಟಿಸಿದ ತೇರದಾಳವೂ ನೇಕಾರರ ರಬಕವಿಯೂ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಬೀಳಗಿಯಾದರೋ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಹೀಗೆ ಒಂದು ದಿನದ ಬಂಡಿಯ ಪ್ರಯಾಣದಲ್ಲಿ ರೈತನು ಎರಡು ಮೂರು ಸರಕಾರಗಳ ಎಲ್ಲೆಯನ್ನು ದಾಟುತ್ತಿದ್ದನು. ಪ್ರತಿಯೊಂದು ಕಡೆಯೂ ಬೇರೆ ಕಚೇರಿ, ಬೇರೆ ದರಬಾರು. ಜನರ ನುಡಿ ಕನ್ನಡವಾಗಿದ್ದರೂ ಸಂಸ್ಥಾನಗಳ ಕಾಗದಪತ್ರಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಇಂತಹ ಸ್ಥಿತಿಯಲ್ಲಿ ಓದುಬಲ್ಲ, ಕಾಯಿದೆಬಲ್ಲ ಒಬ್ಬ ವಕೀಲನು ಊರಿನ ಪಾಲಿಗೆ ಎಂತಹ ಆಸರೆಯಾಗಿದ್ದನೆಂಬುದನ್ನು ಹಿರಿಯರು ಬಲ್ಲರು.

ಕಾಲೇಜಿನಿಂದ ಕಾಯಿದೆಯ ಕಡೆಗೆ

ಜಮಖಂಡಿಯ ವಿದ್ಯಾರ್ಥಿಗೆ ಆಗ ಹತ್ತಿರದ ರೈಲು ನಿಲ್ದಾಣವೆಂದರೆ ಕುಡಚಿ. ಅಲ್ಲಿಂದ ಮಿರಜ, ಮಿರಜದಿಂದ ಕೊಲ್ಲಾಪುರ. ಜತ್ತಿಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪಡೆದರು. 1880ರಲ್ಲಿ ಸ್ಥಾಪಿತವಾದ ಆ ಕಾಲೇಜು ಅಂದು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ದಕ್ಷಿಣದ ಸಂಸ್ಥಾನಗಳ ತರುಣರಿಗೆಲ್ಲ ಉನ್ನತ ಶಿಕ್ಷಣದ ಹೆಬ್ಬಾಗಿಲಾಗಿತ್ತು.

ಪದವಿಯಾದ ಮೇಲೆ ಸರಕಾರಿ ನೌಕರಿಯನ್ನು ಹುಡುಕುವುದು, ಇಲ್ಲವೆ ಶಾಲಾ ಮಾಸ್ತರಿಕೆಗೆ ಸೇರುವುದು ಸಾಮಾನ್ಯ ಕುಟುಂಬದ ಪದವೀಧರನ ರೂಢಿಯ ಮಾರ್ಗವಾಗಿತ್ತು. ಜತ್ತಿಯವರು ಇನ್ನಷ್ಟು ಕಾಲ ಓದುವ ನಿರ್ಧಾರ ಮಾಡಿ, ಅದೇ ಕೊಲ್ಲಾಪುರದ ಸೈಕ್ಸ್ ಲಾ ಕಾಲೇಜಿಗೆ ಪ್ರವೇಶ ಪಡೆದರು. ಮುಂಬಯಿಯ ಗವರ್ನರರಾಗಿದ್ದ ಸರ್ ಫ್ರೆಡರಿಕ್ ಸೈಕ್ಸರ ಹೆಸರನ್ನು ಹೊತ್ತ ಆ ಸಂಸ್ಥೆ 1933ರಲ್ಲಷ್ಟೇ ಆರಂಭವಾಗಿತ್ತು. ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸಾಯಿಟಿ ಹುಟ್ಟಿದ್ದು 1939ರಲ್ಲಿ. ಆದ್ದರಿಂದ ಕೃಷ್ಣಾತೀರದ ಕನ್ನಡ ಹುಡುಗನೊಬ್ಬ ವಕೀಲನಾಗಬೇಕಾದರೆ ಆಗ ಪುಣೆ, ಮುಂಬಯಿಗಳಂಥ ದೊಡ್ಡ ನಗರಗಳಿಗೆ ಹೋಗಬೇಕು, ಇಲ್ಲವೆ ಕೊಲ್ಲಾಪುರದ ಈ ಹೊಸ ಕಾಲೇಜನ್ನು ಸೇರಬೇಕು. ಮನೆಗೆ ಹತ್ತಿರವಾಗಿ, ಕಡಿಮೆ ಖರ್ಚಿನಲ್ಲಿ ಕಾನೂನಿನ ಬಾಗಿಲು ತೆರೆದ ಹೊತ್ತಿಗೆ ಜತ್ತಿಯವರು ಆ ಬಾಗಿಲ ಬಳಿ ಇದ್ದರು. ಸಂಸ್ಥೆಯೊಂದು ಸಕಾಲದಲ್ಲಿ ಹುಟ್ಟಿದರೆ ಎಷ್ಟು ಜನರ ಬಾಳು ತಿರುಗುತ್ತದೆ ಎಂಬುದಕ್ಕೆ ಇದು ದೃಷ್ಟಾಂತ.

ಈ ಮಾತು ನಮ್ಮ ಸಮಾಜಕ್ಕೆ ಹೊಸದಲ್ಲ. 1899ರಲ್ಲಿ ಸ್ತವನಿಧಿಯಲ್ಲಿ ಸ್ಥಾಪನೆಗೊಂಡ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಲಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ನಡೆಸಿ, ಹಳ್ಳಿಗಾಡಿನ ಜೈನ ಹುಡುಗರಿಗೆ ಕಾಲೇಜಿನ ಬಾಗಿಲನ್ನು ತೆರೆದುಕೊಟ್ಟಿತು. ಆ ಸಭೆಯ ಆದ್ಯ ಪ್ರವರ್ತಕರಲ್ಲಿ ಒಬ್ಬರಾದ ಕುರುಂದವಾಡದ ಅಣ್ಣಾಸಾಹೇಬ ಲಠ್ಠೆಯವರು ಎಂ.ಎ., ಎಲ್‌ಎಲ್.ಬಿ. ಪದವೀಧರರಾಗಿ, ಬೆಳಗಾವಿಯಲ್ಲಿ ವಕೀಲಿ ನಡೆಸಿ, ಕೊಲ್ಲಾಪುರದ ದಿವಾನರಾಗಿ, 1937ರಿಂದ 1939ರವರೆಗೆ ಖೇರರ ಮಂತ್ರಿಮಂಡಲದಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾಗಿದ್ದರು. ಕಾಯಿದೆಯ ಓದಿನಿಂದ ಲೋಕಸೇವೆಗೆ ಹೋಗುವ ಆ ಹಾದಿಯನ್ನು ಲಠ್ಠೆಯವರು ತುಳಿದು ತೋರಿಸಿದ್ದರು. ಜತ್ತಿಯವರ ಪೀಳಿಗೆ ಅದರಲ್ಲಿ ಮುಂದೆ ನಡೆಯಿತು.

ಆ ದಿನಗಳಲ್ಲಿ ಕಾನೂನು ವಿದ್ಯಾರ್ಥಿ 1872ರ ಕರಾರು ಕಾಯಿದೆ ಮತ್ತು ಸಾಕ್ಷ್ಯ ಕಾಯಿದೆ, 1882ರ ಸ್ವತ್ತು ಹಸ್ತಾಂತರ ಕಾಯಿದೆ, ಇವುಗಳೊಂದಿಗೆ ಮಿತಾಕ್ಷರದ ಮೇಲೆ ನಿಂತ ಹಿಂದೂ ನ್ಯಾಯವನ್ನೂ ಅಭ್ಯಸಿಸುತ್ತಿದ್ದನು. ಜೈನರಿಗೂ ಈ ಓದಿಗೂ ಇದ್ದ ನಂಟನ್ನು ಇಲ್ಲಿ ಹೇಳಬೇಕು. ಬ್ರಿಟಿಷರ ಕಾಲದ ನ್ಯಾಯಾಲಯಗಳು, ಬೇರೆ ಸಂಪ್ರದಾಯವಿದೆಯೆಂದು ಸಿದ್ಧಪಡಿಸದ ಹೊರತು, ಜೈನರಿಗೂ ಹಿಂದೂ ನ್ಯಾಯವನ್ನೇ ಅನ್ವಯಿಸುತ್ತಿದ್ದವು. ಪತಿಯ ಅನುಮತಿಯಿಲ್ಲದಿದ್ದರೂ ಜೈನ ವಿಧವೆ ದತ್ತಕ ಸ್ವೀಕರಿಸಬಹುದೆಂಬ ನಮ್ಮ ಸಂಪ್ರದಾಯ ಸಾಕ್ಷ್ಯಸಮೇತ ಸಿದ್ಧವಾದ ಮೇಲೆ, 1878ರಲ್ಲಿ ಪ್ರಿವಿ ಕೌನ್ಸಿಲು ಅದನ್ನು ಎತ್ತಿಹಿಡಿಯಿತು. ಬ್ಯಾರಿಸ್ಟರ್ ಚಂಪತರಾಯ ಜೈನರು 1926ರಲ್ಲಿ ಜೈನ ನ್ಯಾಯವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಅಂದರೆ, ಸಮಾಜವೊಂದರ ಆಚಾರವು ಕೇವಲ ಮನೆಯಲ್ಲಿ ನಡೆದರೆ ಸಾಲದು. ಅದನ್ನು ನ್ಯಾಯಪೀಠದ ಮುಂದೆ ಹೇಳಬಲ್ಲವನೊಬ್ಬನು ಬೇಕು. ಹಾಗೆ ಹೇಳಬಲ್ಲವನಾಗಲು ಮೊದಲು ಕಲಿಯಬೇಕು.

ಜಮಖಂಡಿಯ ವಕೀಲರು

ಕಾನೂನು ಪದವಿಯನ್ನು ಪಡೆದ ಜತ್ತಿಯವರು ಜಮಖಂಡಿಗೆ ಮರಳಿ ವಕೀಲಿಯನ್ನು ಆರಂಭಿಸಿದರು. ದೊಡ್ಡ ನಗರದ ದೊಡ್ಡ ಸಂಪಾದನೆಗಿಂತ ಪರಿಚಿತರ ನಡುವಣ ಸಣ್ಣ ವೃತ್ತಿಯನ್ನು ಅವರು ಆರಿಸಿಕೊಂಡರು. ಆದರೆ ವೃತ್ತಿಗೇ ಮೀಸಲಾಗಿ ಉಳಿಯಲು ಕಾಲ ಬಿಡಲಿಲ್ಲ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು. 1945ರಲ್ಲಿ ಅದರ ಅಧ್ಯಕ್ಷರಾದರು. ಸಂಸ್ಥಾನದ ಶಾಸನಸಭೆಗೆ ಚುನಾಯಿತರಾಗಿ, ಮಂತ್ರಿಯಾಗಿ, 1948ರಲ್ಲಿ ಸಂಸ್ಥಾನದ ದಿವಾನ ಪದವಿಗೇರಿದರು. ಆಗ ಅವರಿಗೆ ಮೂವತ್ತಾರು ವರ್ಷವೂ ತುಂಬಿರಲಿಲ್ಲ.

ಇಲ್ಲಿ ಅವರ ಜೀವನದ ಮೊದಲನೆಯ ದೊಡ್ಡ ಪರೀಕ್ಷೆ ಒದಗಿತು. ದೇಶವು ಸ್ವತಂತ್ರವಾಗಿತ್ತು. ಸಂಸ್ಥಾನಗಳು ನೆರೆಯ ಪ್ರಾಂತಗಳಲ್ಲಿ ಲೀನವಾಗಬೇಕಾದ ಗಳಿಗೆ ಸಮೀಪಿಸಿತ್ತು. ಅಂದಿನ ಅರಸರಾದ ಶ್ರೀಮಂತ ಶಂಕರರಾವ್ ಪಟವರ್ಧನರೊಂದಿಗೆ ಜತ್ತಿಯವರ ಸಂಬಂಧ ಸೌಹಾರ್ದದ್ದಾಗಿತ್ತು. ಅರಸರ ಮನವನ್ನು ನೋಯಿಸದೆ, ಪ್ರಜೆಗಳ ಇಚ್ಛೆಯನ್ನು ಬಿಟ್ಟುಕೊಡದೆ, ವಿಲೀನದ ಕಾರ್ಯವನ್ನು ಅವರು ಸುಗಮವಾಗಿ ನೆರವೇರಿಸಿದರು. 1948ರ ಮಾರ್ಚ್ 8ರಂದು ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಧೋಳ, ಸಾಂಗಲಿಗಳೂ ಅಂದೇ ವಿಲೀನಗೊಂಡುದರಿಂದ, ನಮ್ಮ ಸೀಮೆಯನ್ನು ತುಂಡರಿಸಿದ್ದ ಗಡಿಗಳು ಒಂದೇ ದಿನದಲ್ಲಿ ಅಳಿದವು.

ಆ ವಿಲೀನದೊಂದಿಗೆ ಜತ್ತಿಯವರ ದಿವಾನಗಿರಿಯೂ ಅಳಿಯಿತು. ತಾವು ಕುಳಿತ ಪೀಠವು ಇಲ್ಲವಾಗುವ ಕಾರ್ಯವನ್ನು ತಾವೇ ಮುಂದೆ ನಿಂತು ನಡೆಸಿ, ಮಾರನೆಯ ದಿನ ಅವರು ಬರಿಯ ವಕೀಲರಾಗಿ ಉಳಿದರು. ನಿನ್ನೆಯವರೆಗೆ ಸಂಸ್ಥಾನದ ಮುಖ್ಯಾಧಿಕಾರಿಯಾಗಿದ್ದವರು ಇಪ್ಪತ್ತು ತಿಂಗಳ ಕಾಲ ಮತ್ತೆ ಕರಿಯ ಕೋಟು ತೊಟ್ಟು ಕಕ್ಷಿಗಾರರ ಪರವಾಗಿ ನ್ಯಾಯಾಲಯದಲ್ಲಿ ನಿಂತರು. ಅಧಿಕಾರದಿಂದ ಇಳಿದವನಿಗೆ ಮರಳಿ ಹೋಗಲು ಒಂದು ಕಸುಬು ಇದ್ದರೆ ಅವನು ಅಧಿಕಾರಕ್ಕೆ ಜೋತುಬೀಳಬೇಕಾಗಿಲ್ಲ. ಕಾಯಿದೆಯ ಓದು ಅವರಿಗೆ ಕೊಟ್ಟ ಮೊದಲನೆಯ ವರವೆಂದರೆ ಈ ನಿರ್ಭೀತಿಯೇ ಎಂದು ನಮಗೆ ತೋರುತ್ತದೆ. ಪರಿಗ್ರಹವನ್ನು ಮಿತಿಗೊಳಿಸಬೇಕೆಂಬ ಅಣುವ್ರತವನ್ನು ಕೇಳುತ್ತ ಬೆಳೆದ ನಮಗೆ ಈ ಸಂಗತಿಯ ಬೆಲೆ ಬೇಗ ತಿಳಿಯುತ್ತದೆ.

ಐದು ಕಾಯಿದೆಗಳನ್ನು ಒಂದು ಮಾಡಿದ ಕಾರ್ಯ

ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಅವರು ಮುಂಬಯಿ ಶಾಸನಸಭೆಗೆ ನಾಮಕರಣಗೊಂಡರು. ಒಂದು ವಾರದೊಳಗಾಗಿ ಮುಖ್ಯಮಂತ್ರಿ ಬಿ. ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾಗಿ ನೇಮಕವಾದರು. 1952ರ ಮಹಾಚುನಾವಣೆಯ ತರುವಾಯ ಮೊರಾರ್ಜಿ ದೇಸಾಯಿಯವರ ಸರಕಾರದಲ್ಲಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ಸೇವೆ ಸಲ್ಲಿಸಿದರು. ಮೊರಾರ್ಜಿಯವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಅದು ಮುಂದೆ ಮತ್ತೆ ಬರುತ್ತದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ವಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಕೂಡಿದವು. ಜನರು ಒಂದಾದರು, ಆದರೆ ಕಾಯಿದೆಗಳು ಒಂದಾಗಿರಲಿಲ್ಲ. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಹೀಗೆ ಐದು ಕಡೆಯ ಐದು ಬಗೆಯ ಗೇಣಿ ಕಾನೂನುಗಳು ಒಂದೇ ರಾಜ್ಯದಲ್ಲಿ ನಡೆಯುತ್ತಿದ್ದವು. ಒಂದು ಜಿಲ್ಲೆಯ ಗೇಣಿದಾರನಿಗಿದ್ದ ರಕ್ಷಣೆ ಪಕ್ಕದ ಜಿಲ್ಲೆಯವನಿಗಿರಲಿಲ್ಲ. ಇವುಗಳನ್ನು ಪರಿಶೀಲಿಸಿ ಏಕರೂಪದ ಕಾನೂನನ್ನು ಸೂಚಿಸಲು 1957ರಲ್ಲಿ ನೇಮಕವಾದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಜನರು ಅದನ್ನು ಜತ್ತಿ ಸಮಿತಿಯೆಂದೇ ಕರೆದರು. ಬಾಲ್ಯದಲ್ಲಿ ಹಲವು ಸಂಸ್ಥಾನಗಳ ಗಡಿಗಳ ನಡುವೆ ಬೆಳೆದವರಿಗೆ ಬೇರೆ ಬೇರೆ ಕಾಯಿದೆಗಳಿಂದ ಬಡವನಿಗಾಗುವ ತೊಡಕು ಪುಸ್ತಕದಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ.

1958ರಲ್ಲಿ ಶ್ರೀ ಎಸ್. ನಿಜಲಿಂಗಪ್ಪನವರು ಅಧಿಕಾರವನ್ನು ಬಿಟ್ಟಾಗ ಜತ್ತಿಯವರು ಪಕ್ಷದ ನಾಯಕರಾಗಿ ಆಯ್ಕೆಗೊಂಡು ಮೇ 16ರಂದು ಮುಖ್ಯಮಂತ್ರಿಗಳಾದರು. 1962ರ ಮಾರ್ಚ್ ತಿಂಗಳವರೆಗೆ ಆ ಸ್ಥಾನದಲ್ಲಿದ್ದರು. ಅವರ ಅಧಿಕಾರಾವಧಿಯಲ್ಲಿ 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ ಬಂದಿತು. 1960ರಲ್ಲಿ ಹಿಂದುಳಿದ ವರ್ಗಗಳ ಸ್ಥಿತಿಯ ಪರಿಶೀಲನೆಗಾಗಿ ಡಾ. ಆರ್. ನಾಗನಗೌಡರ ಸಮಿತಿ ನೇಮಕವಾಯಿತು. ಸಮಿತಿಯ ಅಧ್ಯಕ್ಷರಾಗಿ ತಾವು ಹಾಕಿದ ತಳಹದಿಯ ಮೇಲೆ 1961ರಲ್ಲಿ ಮೈಸೂರು ಭೂಸುಧಾರಣಾ ಕಾಯಿದೆ ಅಂಗೀಕಾರವಾಯಿತು. ಅದು ಭೂಹಿಡುವಳಿಗೆ 27 ಪ್ರಮಾಣಿತ ಎಕರೆಗಳ ಮಿತಿಯನ್ನು ಗೊತ್ತುಮಾಡಿ, 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು.

ಆ ಕಾಯಿದೆ ಸಾಲದೆಂದವರು ಅನೇಕರು. ಭೂಮಾಲೀಕನು ಸ್ವಂತ ಸಾಗುವಳಿಗೆಂದು ಹೊಲವನ್ನು ಮರಳಿ ಪಡೆಯಲು ಅದರಲ್ಲಿ ಅವಕಾಶವಿತ್ತು. ಉಳುವವನಿಗೆ ಭೂಮಿ ನಿಜವಾಗಿ ದೊರೆತದ್ದು 1974ರ ತಿದ್ದುಪಡಿಯಿಂದ ಮತ್ತು ಅದರ ಮೇರೆಗೆ ರಚಿತವಾದ ನ್ಯಾಯಮಂಡಳಿಗಳಿಂದ. ಇನ್ನೊಂದು ಕಡೆ, ಅದೇ ಕಾಯಿದೆ ಅತಿಯಾಯಿತೆಂದು ನೊಂದುಕೊಂಡ ಮನೆತನಗಳೂ ಇದ್ದವು. ಬೇಸಾಯವನ್ನೇ ನೆಚ್ಚಿದ ಉತ್ತರ ಕರ್ನಾಟಕದ ಜೈನರಲ್ಲಿ ಹೊಲದ ಒಡೆಯರೂ ಇದ್ದರು, ಗೇಣಿದಾರರೂ ಇದ್ದರು. ಆದ್ದರಿಂದ ಈ ವಿಷಯದಲ್ಲಿ ನಮ್ಮಲ್ಲಿಯೇ ಎರಡು ಮಾತುಗಳಿದ್ದರೆ ಆಶ್ಚರ್ಯವಿಲ್ಲ. ಆದರೆ ಐದು ನ್ಯಾಯಗಳಿದ್ದ ರಾಜ್ಯದಲ್ಲಿ ಒಂದು ನ್ಯಾಯವನ್ನು ತಂದ ಮೊದಲ ಹೆಜ್ಜೆ ಜಮಖಂಡಿಯ ವಕೀಲರದು ಎಂಬುದನ್ನು ಎರಡೂ ಪಕ್ಷದವರು ಒಪ್ಪಬೇಕು.

1962ರಲ್ಲಿ ಜಮಖಂಡಿ ಕ್ಷೇತ್ರದಿಂದ ಮತ್ತೆ ಆಯ್ಕೆಯಾದ ಜತ್ತಿಯವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಅರ್ಥಮಂತ್ರಿಗಳಾದರು. ಮುಖ್ಯಮಂತ್ರಿಯಾಗಿದ್ದವರು ಇನ್ನೊಬ್ಬರ ಕೈಕೆಳಗೆ ಮಂತ್ರಿಯಾಗಲು ಹಿಂಜರಿಯಲಿಲ್ಲ. 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿ, ವಚನ ಸಾಹಿತ್ಯದ ಪ್ರಸಾರಕ್ಕೆ ನೆಲೆಯೊದಗಿಸಿದರು. ಆ ಕೆಲಸವನ್ನು ಅವರು ಕೊನೆಯವರೆಗೂ ಕೈಬಿಡಲಿಲ್ಲ.

ರಾಜ್ಯಪಾಲರಾಗಿ

1968ರಲ್ಲಿ ಜತ್ತಿಯವರು ಪಾಂಡಿಚೇರಿಯ ಉಪರಾಜ್ಯಪಾಲರಾಗಿಯೂ 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾಗಿಯೂ ನೇಮಕಗೊಂಡರು. ಒರಿಸ್ಸಾದಲ್ಲಿ ಅವರು ಕೈಗೊಂಡ ಒಂದು ನಿರ್ಣಯವು ತೀವ್ರ ಟೀಕೆಗೆ ಗುರಿಯಾಯಿತು. ಜೀವನಚರಿತ್ರೆಯಲ್ಲಿ ಅದನ್ನು ಮರೆಮಾಚುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ. 1973ರ ಮಾರ್ಚ್ ತಿಂಗಳ ಆದಿಯಲ್ಲಿ ನಂದಿನಿ ಸತ್ಪತಿಯವರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಬಿಜು ಪಟ್ನಾಯಕರ ನಾಯಕತ್ವದ ವಿರೋಧ ಪಕ್ಷಗಳು ತಮಗೆ ಬಹುಮತವಿದೆಯೆಂದು ಹೇಳಿದರೂ, ಜತ್ತಿಯವರು ಅವರಿಗೆ ಸರಕಾರ ರಚಿಸಲು ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆಯನ್ನು ಶಿಫಾರಸು ಮಾಡಿದರು. ವಿಧಾನಸಭೆ ವಿಸರ್ಜಿತವಾಯಿತು. ವಿಷಯ ಒರಿಸ್ಸಾ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯ ಘೋಷಣೆಯನ್ನು ರದ್ದುಪಡಿಸಲಿಲ್ಲವಾದರೂ, ವಿರೋಧ ಪಕ್ಷದ ನಾಯಕರನ್ನು ಕರೆಯದಿದ್ದುದನ್ನು ಆಕ್ಷೇಪಿಸಿತು. ಎರಡೂ ಕಡೆಯ ಮಾತನ್ನು ಪೂರ್ಣವಾಗಿ ಕೇಳಬೇಕೆಂಬುದು ವಕೀಲನ ಮೊದಲ ಪಾಠ. ವಸ್ತುವಿಗೆ ಅನೇಕ ಮುಖಗಳಿವೆಯೆಂಬ ಅನೇಕಾಂತವನ್ನು ನಂಬಿದ ನಮಗೂ ಅದೇ ಮೊದಲ ಪಾಠ. ಆ ಒಂದು ಸಂದರ್ಭದಲ್ಲಿ ಪಾಠವು ಪೂರ್ಣವಾಗಿ ನಡೆಯಲಿಲ್ಲವೆಂದೇ ಹೇಳಬೇಕು.

1977ರ ಎರಡು ಸಹಿಗಳು

1974ರ ಆಗಸ್ಟ್ ತಿಂಗಳಲ್ಲಿ ನಡೆದ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜತ್ತಿಯವರು 521 ಮತಗಳನ್ನು ಪಡೆದರು. ಪ್ರತಿಸ್ಪರ್ಧಿ ಎನ್. ಇ. ಹೋರೋ ಅವರಿಗೆ 141 ಮತಗಳು ಬಂದವು. ಆಗಸ್ಟ್ 31ರಂದು ಅವರು ಅಧಿಕಾರ ಸ್ವೀಕರಿಸಿದರು. ಅದೇ ವರ್ಷದ ದೀಪಾವಳಿಯಿಂದ ದೇಶವೆಲ್ಲ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವವನ್ನು ಆಚರಿಸಿದ್ದನ್ನು ನಮ್ಮ ಹಿರಿಯರು ಮರೆತಿರಲಾರರು. ಮರುವರ್ಷ, 1975ರ ಜೂನ್ 25ರಂದು, ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್‌ರು ಅಧಿಕಾರದಲ್ಲಿರುವಾಗಲೇ ನಿಧನರಾದರು. ರಾಷ್ಟ್ರಪತಿಯ ಸ್ಥಾನ ತೆರವಾದಾಗ ಉಪರಾಷ್ಟ್ರಪತಿಯು ಆ ಕಾರ್ಯವನ್ನು ವಹಿಸಿಕೊಳ್ಳಬೇಕು, ಆರು ತಿಂಗಳೊಳಗೆ ಹೊಸ ಚುನಾವಣೆ ನಡೆಯಬೇಕು ಎಂಬುದು ಸಂವಿಧಾನದ ವಿಧಿ. ಆ ವಿಧಿಯಂತೆ ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗ ರಾಷ್ಟ್ರದ ಅತ್ಯುನ್ನತ ಸ್ಥಾನದಲ್ಲಿ ಕುಳಿತರು. ಅದು ಶಾಂತವಾದ ಕಾಲವಾಗಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಲೋಕಸಭೆಯ ಚುನಾವಣೆ ನಡೆದು, ಆಳುವ ಪಕ್ಷ ಸೋತಿತು. ಮಾರ್ಚ್ 21ರಂದು ತುರ್ತುಪರಿಸ್ಥಿತಿಯನ್ನು ಹಿಂತೆಗೆದುಕೊಳ್ಳುವ ಘೋಷಣೆಗೆ ಹಂಗಾಮಿ ರಾಷ್ಟ್ರಪತಿ ಜತ್ತಿಯವರ ಅಂಕಿತ ಬಿದ್ದಿತು. ಮಾರ್ಚ್ 24ರಂದು ಹೊಸ ಪ್ರಧಾನಮಂತ್ರಿಗಳಿಗೆ ಪ್ರಮಾಣವಚನವನ್ನು ಬೋಧಿಸಿದವರೂ ಅವರೇ. ಆ ಪ್ರಧಾನಮಂತ್ರಿಗಳು ಮೊರಾರ್ಜಿ ದೇಸಾಯಿಯವರು. ಇಪ್ಪತ್ತೈದು ವರ್ಷಗಳ ಹಿಂದೆ ಮುಂಬಯಿಯಲ್ಲಿ ಯಾರ ಸರಕಾರದಲ್ಲಿ ಉಪಮಂತ್ರಿಯಾಗಿದ್ದರೋ ಅವರೇ ಈಗ ಎದುರು ನಿಂತು ಪ್ರಮಾಣ ಸ್ವೀಕರಿಸಿದರು.

ಒಂದು ತಿಂಗಳಲ್ಲಿಯೇ ಕಠಿಣ ಪ್ರಸಂಗವೊಂದು ಎದುರಾಯಿತು. ಲೋಕಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಸೋತಿದ್ದ ಒಂಬತ್ತು ರಾಜ್ಯಗಳಲ್ಲಿ ಅದರ ಸರಕಾರಗಳು ಇನ್ನೂ ಮುಂದುವರಿದಿದ್ದವು. ಜನರ ವಿಶ್ವಾಸ ಉಳಿದಿಲ್ಲವೆಂದು ಹೇಳಿ, ಆ ವಿಧಾನಸಭೆಗಳನ್ನು ವಿಸರ್ಜಿಸಲು ಕೇಂದ್ರ ಸರಕಾರ ಮುಂದಾಯಿತು. ಆರು ರಾಜ್ಯಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕವು. ಏಪ್ರಿಲ್ 29ರಂದು ನ್ಯಾಯಾಲಯ ಅವುಗಳ ದಾವೆಗಳನ್ನು ವಜಾ ಮಾಡಿತು. ಮಂತ್ರಿಮಂಡಲದ ಸಲಹೆ ಜತ್ತಿಯವರ ಮೇಜಿಗೆ ಬಂದಿತು. ಅವರು ತಕ್ಷಣ ಸಹಿ ಹಾಕಲಿಲ್ಲ.

ಆ ಹಿಂಜರಿಕೆಯಿಂದ ರಾಜಧಾನಿ ತಲ್ಲಣಿಸಿತು. ಪಕ್ಷನಿಷ್ಠೆಯಿಂದ ಹೀಗೆ ಮಾಡುತ್ತಿದ್ದಾರೆಂದು ಕೆಲವರು ದೂರಿದರು. ಚುನಾಯಿತ ಸಭೆಗಳನ್ನು ಅವಧಿಗೆ ಮೊದಲೇ ಕೆಡಹುವ ಮುನ್ನ ಒಬ್ಬನಾದರೂ ತಡೆದು ಯೋಚಿಸಬೇಕೆಂದು ಇನ್ನು ಕೆಲವರು ಸಮರ್ಥಿಸಿದರು. ಆದರೆ ಕಾನೂನಿನ ಮಾತು ಸ್ಪಷ್ಟವಾಗಿತ್ತು. 1976ರಲ್ಲಿ ಅಂಗೀಕೃತವಾದ ಸಂವಿಧಾನದ 42ನೆಯ ತಿದ್ದುಪಡಿಯು ರಾಷ್ಟ್ರಪತಿಯು ಮಂತ್ರಿಮಂಡಲದ ಸಲಹೆಯಂತೆಯೇ ನಡೆಯತಕ್ಕದ್ದೆಂದು ವಿಧಿಸಿತ್ತು. ಸಲಹೆಯನ್ನು ಹಿಂದಕ್ಕೆ ಕಳಿಸುವ ಅಧಿಕಾರವನ್ನು ಅದು ಕೊಟ್ಟಿರಲಿಲ್ಲ. ನ್ಯಾಯಾಲಯವೂ ತೀರ್ಮಾನ ಕೊಟ್ಟಾಗಿತ್ತು. ತಮ್ಮ ಮನಸ್ಸಿನ ಒಲವು ಏನೇ ಇರಲಿ, ತಮ್ಮ ಕೈ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಅರಿತರು. ಏಪ್ರಿಲ್ 30ರಂದು ಒಂಬತ್ತು ಘೋಷಣೆಗಳಿಗೂ ಅಂಕಿತ ಹಾಕಿದರು. ಒಂದು ಕಾಲಕ್ಕೆ ತಾವೇ ರಾಜ್ಯಪಾಲರಾಗಿದ್ದ ಒರಿಸ್ಸಾ ಕೂಡ ಆ ಒಂಬತ್ತರಲ್ಲಿ ಒಂದಾಗಿತ್ತು.

ಮುಂದೆ 1978ರ 44ನೆಯ ತಿದ್ದುಪಡಿಯಿಂದ, ಸಲಹೆಯನ್ನು ಪುನರ್ವಿಚಾರಕ್ಕಾಗಿ ಒಮ್ಮೆ ಹಿಂದಿರುಗಿಸುವ ಅಧಿಕಾರವು ರಾಷ್ಟ್ರಪತಿಗೆ ಲಭಿಸಿತು. ತಡೆದು ಯೋಚಿಸಬಹುದು, ಆದರೆ ಕೊನೆಗೆ ಜನಪ್ರತಿನಿಧಿಗಳ ಮಾತೇ ನಡೆಯಬೇಕು ಎಂಬುದು ಈಗಿನ ನಿಯಮ. ಜತ್ತಿಯವರು ಆ ದಿನ ನಡೆದುಕೊಂಡ ರೀತಿಯೂ ಹೆಚ್ಚುಕಡಿಮೆ ಇದೇ ಆಗಿತ್ತು. ಅವರು ತಡೆದದ್ದು ಸರಿಯೋ ತಪ್ಪೋ ಎಂಬ ವಾದವನ್ನು ಬಲ್ಲವರು ಮುಂದುವರಿಸಲಿ. ಇಷ್ಟಂತೂ ನಿಜ: ಒಪ್ಪದ ಮನಸ್ಸನ್ನು ವಿಧಿಗೆ ಬಾಗಿಸುವುದು ಅಧಿಕಾರದಲ್ಲಿರುವವನಿಗೆ ಅತ್ಯಂತ ಕಠಿಣವಾದ ಸಂಯಮ.

1977ರ ಜುಲೈ 25ರಂದು ಶ್ರೀ ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದರು. ಜತ್ತಿಯವರು ಯಾವ ಬೇಸರವನ್ನೂ ತೋರದೆ ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿ, 1979ರ ಆಗಸ್ಟ್ ತಿಂಗಳಲ್ಲಿ ಅವಧಿ ಮುಗಿಯುವವರೆಗೆ ಸೇವೆ ಸಲ್ಲಿಸಿದರು. 1948ರಲ್ಲಿ ದಿವಾನಗಿರಿಯಿಂದ ಇಳಿದು ನ್ಯಾಯಾಲಯಕ್ಕೆ ನಡೆದ ಹೆಜ್ಜೆಗೂ ಈ ಹೆಜ್ಜೆಗೂ ವ್ಯತ್ಯಾಸವಿರಲಿಲ್ಲ.

ಉಪಸಂಹಾರ

ನಿವೃತ್ತಿಯ ಅನಂತರ ಜತ್ತಿಯವರು ಬಸವ ಸಮಿತಿಯ ಕಾರ್ಯದಲ್ಲಿ ತೊಡಗಿ, ತಮ್ಮ ಆತ್ಮಕಥೆಯನ್ನೂ ಬರೆದರು. 2002ರ ಜೂನ್ 7ರಂದು, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಜಮಖಂಡಿ ಪುರಸಭೆಯ ಸದಸ್ಯತ್ವದಿಂದ ರಾಷ್ಟ್ರಪತಿ ಭವನದವರೆಗಿನ ಅವರ ಪಯಣದಲ್ಲಿ ವಕೀಲಿ ವೃತ್ತಿಗೆ ದೊರೆತ ವರ್ಷಗಳು ಕೆಲವೇ. ಆದರೆ ಆ ವಿದ್ಯೆ ಅವರನ್ನು ಬಿಟ್ಟುಹೋದ ದಿನವೊಂದೂ ಇರಲಿಲ್ಲ. ಸಂಸ್ಥಾನವನ್ನು ವಿಲೀನಗೊಳಿಸುವಾಗ, ಗೇಣಿಯ ಕಾನೂನುಗಳನ್ನು ಒಂದುಗೂಡಿಸುವಾಗ, ತುರ್ತುಪರಿಸ್ಥಿತಿಯ ಅಂತ್ಯಕ್ಕೆ ಅಂಕಿತ ಹಾಕುವಾಗ ಅವರ ಕೈ ಹಿಡಿದದ್ದು ಕೊಲ್ಲಾಪುರದ ಆ ಚಿಕ್ಕ ಕಾಲೇಜಿನಲ್ಲಿ ಕಲಿತ ಕಾಯಿದೆಯೇ.

ಪದವಿಯ ಕೊನೆಯ ವರ್ಷದಲ್ಲಿದ್ದು, ಮುಂದೆ ಕಾನೂನು ಓದಲೇ ಎಂದು ಯೋಚಿಸುತ್ತಿರುವ ತರುಣ ತರುಣಿಯರು ನಮ್ಮ ಊರುಗಳಲ್ಲಿ ಇಂದು ಅನೇಕರಿದ್ದಾರೆ. ಅವರ ತಂದೆತಾಯಿಗಳು ಗಳಿಕೆಯ ಲೆಕ್ಕವನ್ನು ಹಾಕುವುದು ಸಹಜ. ಆ ಲೆಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಸೇರಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಕಾಯಿದೆಯ ವಿದ್ಯೆ ಗೆಲ್ಲುವುದನ್ನು ಕಲಿಸುವುದಕ್ಕಿಂತ ಹೆಚ್ಚಾಗಿ ತನ್ನ ಮಿತಿಯನ್ನು ಅರಿಯುವುದನ್ನು ಕಲಿಸುತ್ತದೆ. ಆಹಾರ, ಔಷಧ, ಅಭಯಗಳೊಂದಿಗೆ ಶಾಸ್ತ್ರದಾನವನ್ನೂ ನಮ್ಮ ಪೂರ್ವಾಚಾರ್ಯರು ದಾನಗಳಲ್ಲಿ ಎಣಿಸಿದ್ದಾರೆ. ಬಡ ಮನೆಯ ಒಬ್ಬ ವಿದ್ಯಾರ್ಥಿಯ ಎರಡು ಮೂರು ವರ್ಷಗಳ ಓದಿಗೆ ಆಸರೆಯಾಗುವ ಶ್ರಾವಕನು ಶಾಸ್ತ್ರದಾನವನ್ನೇ ಮಾಡುತ್ತಾನೆ. ಮುಧೋಳದ ಬಳೆಗಾರನ ಮಗನಿಗೂ ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗನಿಗೂ ಊರಾಚೆಯ ವಿದ್ಯೆಯ ಬಾಗಿಲು ತೆರೆಯಿತು. ಮೂರನೆಯವನು ಈಗ ನಮ್ಮ ನಿಮ್ಮ ಓಣಿಯಲ್ಲಿಯೇ ಇರಬಹುದು. ಅವನಿಗೂ ಆ ಬಾಗಿಲು ತೆರೆಯಲಿ.